ಕರಿ ಟೊಪ್ಪಿಗೆಯ ಹೆಣ್ಣು ಏಕೆ ಮಾತಾಡಲಿಲ್ಲ?

ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪತ್ರ ನಾಲ್ಕು ಪುಟ ಇದೆ, ಎರಡು ಬಣ್ಣದ ಶಾಯಿಯಲ್ಲಿದೆ. ಕೆಂಪು ಶಾಯಿಯ ಭಾಗವನ್ನು ಮೊದಲು ಓದಿದೆ. ಹೆಸರು ಅಚ್ಚು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದ ಜಪಾನಿನಲ್ಲಿ ಸಾಲುಸಾಲಾಗಿ ಬಂದ ಹುಡುಗಿಯರ ಗ್ಯಾಂಗ್ ಸಿನಿಮಾಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಒಂದು ಲೇಖನ ಪ್ರಕಟಿಸಿದ್ದೆವು. ನಿಮ್ಮ ಆಕ್ಷೇಪಗಳು ಇವು: ಗಂಡಸರು ಗಂಡಸರಿಗಾಗಿ ತೆಗೆದ ಕೊಳಕು ಚಿತ್ರಗಳಿಗೆ ಸ್ತ್ರೀಶಕ್ತಿಯ ಪೋಷಾಕು ತೊಡಿಸಿದ್ದೀರಿ, ಸೇಡು ನಮ್ಮ ಸಂಸ್ಕೃತಿಯಲ್ಲ, ಅಷ್ಟು ದೂರ ಹೋಗುವ ಬದಲು ನಮ್ಮ ಮಾಲಾಶ್ರೀಯವರ ಬಗ್ಗೆ ಬರೆಯಬಹುದಿತ್ತು, ಮತ್ತು ಲೇಖನದ ಜೊತೆಗಿದ್ದ ಚಿತ್ರವನ್ನು ಮೊಮ್ಮಗಳು ನೋಡುವ ಮೊದಲೇ ಆ ಹಾಳೆಯನ್ನು ಹರಿದು ಹಾಕಬೇಕಾಯಿತು.

ಕೊನೆಯದನ್ನೇ ಮೊದಲು ಮುಗಿಸುತ್ತೇನೆ. ಚಿತ್ರದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಲೇಖಕರು ಮುಖದ ಚಿತ್ರವೊಂದನ್ನು ಕಳಿಸಿದ್ದರು. ಪುಟ ತುಂಬುವುದಿಲ್ಲವೆಂದು ನಾವು ಹಳೆಯ ಪೋಸ್ಟರ್ ಒಂದನ್ನು ಹಾಕಿದೆವು. ಐವತ್ತು ವರ್ಷ ಹಿಂದೆ ಟೋಕಿಯೋದ ಟಿಕೆಟ್ ಕಿಟಕಿಯ ಮುಂದೆ ಗಿರಾಕಿಯನ್ನು ನಿಲ್ಲಿಸಲು ಮಾಡಿದ್ದ ಪೋಸ್ಟರ್ ನಮ್ಮ ಪುಟದಲ್ಲಿಯೂ ಅದೇ ಕೆಲಸ ಮಾಡಿತು. ತಪ್ಪು ನನ್ನದು, ಲೇಖಕರದ್ದಲ್ಲ.

ಇನ್ನು ಗಂಡಸರ ಮಾತು. ಅದರಲ್ಲಿಯೂ ಅರ್ಧ ನಿಮ್ಮ ಕಡೆಗೇ ಇದ್ದೇನೆ. ಈ ಸಿನಿಮಾಗಳು ಹುಟ್ಟಿದ್ದು ಯಾವ ಆದರ್ಶದಿಂದಲೂ ಅಲ್ಲ, ದಿವಾಳಿಯ ಭಯದಿಂದ. 1958ರಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ಸುಮಾರು 113 ಕೋಟಿ ಟಿಕೆಟ್ ಹರಿದಿದ್ದವು. 1972ರ ಹೊತ್ತಿಗೆ ಆ ಸಂಖ್ಯೆ 19 ಕೋಟಿಗೂ ಕೆಳಗಿಳಿದಿತ್ತು. ಮನೆಮನೆಗೆ ಟೀವಿ ಬಂದಿತ್ತು. ಹೆಂಗಸರು, ಮಕ್ಕಳು, ಮುದುಕರು ಚಿತ್ರಮಂದಿರಕ್ಕೆ ಬರುವುದನ್ನು ಬಿಟ್ಟಿದ್ದರು. ಕತ್ತಲೆಯಲ್ಲಿ ಉಳಿದವರು ಕೆಲಸವಿಲ್ಲದ, ನಿದ್ದೆ ಬಾರದ ಗಂಡಸರು. ಟೀವಿ ತೋರಿಸಲಾಗದ್ದನ್ನು ಅವರಿಗೆ ತೋರಿಸಬೇಕಿತ್ತು. ತೋಯೇ ಎಂಬ ಚಿತ್ರ ಕಂಪನಿ ನಂಬಿಕೊಂಡಿದ್ದ ಧರ್ಮಿಷ್ಠ ಯಾಕುಜಾಗಳ, ಅಂದರೆ ಜಪಾನಿನ ಭೂಗತ ಪಾತಕಿಗಳ, ಕಥೆ ಹಳಸಿತ್ತು. ಕಿಮೋನೊ ತೊಟ್ಟು ಜೂಜಿನ ಚಾಪೆಯ ಮೇಲೆ ಕೂರುತ್ತಿದ್ದ ಆ ಕಂಪನಿಯ ದೊಡ್ಡ ತಾರೆ ಜುಂಕೊ ಫುಜಿ 1972ರಲ್ಲಿ ಮದುವೆಯಾಗಿ ತೆರೆಯಿಂದ ಹಿಂದೆ ಸರಿದರು. ತೆರವಾದ ಆ ಜಾಗಕ್ಕೆ ಬಂದವರು ಕಿಮೋನೊ ಬಿಟ್ಟು ಮೋಟಾರ್ ಸೈಕಲ್ ಹತ್ತಿದ ಹುಡುಗಿಯರು.

ಅವರನ್ನು ಕರೆಯುತ್ತಿದ್ದ ಹೆಸರು ಸುಕೆಬಾನ್. 'ಸುಕೆ' ಎಂದರೆ ಬೀದಿಭಾಷೆಯಲ್ಲಿ ಹೆಣ್ಣು, 'ಬಾನ್' ಎಂಬುದು ಪುಂಡರ ನಾಯಕನಿಗಿದ್ದ ಬಾಂಚೋ ಎಂಬ ಬಿರುದಿನ ತುಂಡು. ಇದು ಸಿನಿಮಾದವರ ಕಲ್ಪನೆಯಲ್ಲ. ಶಾಲೆಯ ಸಮವಸ್ತ್ರದ ಲಂಗವನ್ನು ಹಿಮ್ಮಡಿಯವರೆಗೆ ಉದ್ದ ಮಾಡಿಕೊಂಡು, ಅದರ ಮಡಿಕೆಯಲ್ಲಿ ಬ್ಲೇಡು ಇಟ್ಟುಕೊಂಡು ತಿರುಗುವ ಹುಡುಗಿಯರು ನಿಜವಾಗಿಯೂ ಇದ್ದರು. ಊರೆಲ್ಲ ಮಿನಿ ತೊಡುತ್ತಿದ್ದಾಗ ಇವರು ಲಂಗ ಇಳಿಸಿದರು, ನೋಡಿ! ಸಿನಿಮಾ ಆ ಲಂಗವನ್ನೇ ಕಿತ್ತುಹಾಕಿತು. ನಿಮ್ಮ ಸಿಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನೊರಿಫುಮಿ ಸುಜುಕಿ ತೋಯೇಗಾಗಿ ತೆಗೆದ ಸುಕೆಬಾನ್ ಚಿತ್ರಗಳಲ್ಲಿ ಹತ್ತು ನಿಮಿಷಕ್ಕೊಮ್ಮೆ ಯಾರದೋ ಅಂಗಿ ಹರಿಯುತ್ತದೆ. ಕಥೆಗೆ ಅದು ಬೇಕಿತ್ತು ಎಂದು ನಾನು ವಾದಿಸುವುದಿಲ್ಲ. ಕೆಲವು ದೃಶ್ಯಗಳನ್ನು ನಾನೇ ಓಡಿಸಿಕೊಂಡು ಮುಂದೆ ಹೋಗಿದ್ದೇನೆ.

ಹಾಗಾದರೆ ಲೇಖನ ಏಕೆ ಹಾಕಿದಿರಿ ಎನ್ನುತ್ತೀರಿ. ಒಬ್ಬ ನಟಿಯ ಕಾರಣಕ್ಕೆ. ಆಕೆಯ ವಿಷಯದಲ್ಲಿ ನಮ್ಮ ಲೇಖನದಲ್ಲಿ ಒಂದು ತಪ್ಪೂ ನುಸುಳಿತ್ತು. ನೀವದನ್ನು ಗಮನಿಸಲಿಲ್ಲ, ಆದರೂ ಇಲ್ಲಿಯೇ ತಿದ್ದುತ್ತೇನೆ.

ಮೇಕೊ ಕಾಜಿ 1947ರಲ್ಲಿ ಟೋಕಿಯೋದಲ್ಲಿ ಹುಟ್ಟಿದವರು. ಮಸಾಕೊ ಓತಾ ಎಂಬ ಸ್ವಂತ ಹೆಸರಿನಲ್ಲಿ ನಿಕ್ಕಾತ್ಸು ಕಂಪನಿಯಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿಕೊಂಡಿದ್ದರು. 1969ರಲ್ಲಿ ಹಿರಿಯ ನಿರ್ದೇಶಕ ಮಾಸಾಹಿರೊ ಮಾಕಿನೊ ಹೊಸ ಹೆಸರು ಕೊಟ್ಟರು. ಮರುವರ್ಷ 'ಬೀದಿಬೆಕ್ಕು ರಾಕ್' ಎಂದು ಅನುವಾದಿಸಬಹುದಾದ ಸರಣಿ ಆರಂಭವಾಯಿತು. 1970ರ ಮೇ ತಿಂಗಳಿಂದ 1971ರ ಜನವರಿಯೊಳಗೆ ಐದು ಚಿತ್ರಗಳು. ಇಡ್ಲಿ ಹಬೆಯಿಂದಿಳಿಸುವ ವೇಗದಲ್ಲಿ ತೆಗೆದ ಚಿತ್ರಗಳು, ನಿಜ. ಆದರೆ ಆ ವೇಗದಿಂದಲೇ ಬೀದಿ ಹಾಗೆಹಾಗೇ ಕ್ಯಾಮೆರಾದೊಳಗೆ ಬಂತು.

ಈ ಸರಣಿಯಲ್ಲಿ ಯಾಸುಹಾರು ಹಾಸೆಬೆ ನಿರ್ದೇಶಿಸಿದ ಚಿತ್ರವೊಂದರ ಕಥೆ ನಡೆಯುವುದು ತಾಚಿಕಾವಾದಲ್ಲಿ. ಟೋಕಿಯೋದ ಪಶ್ಚಿಮಕ್ಕಿರುವ ಆ ಊರಿನಲ್ಲಿ ಅಮೆರಿಕದ ವಾಯುನೆಲೆಯಿತ್ತು. ಐವತ್ತರ ದಶಕದಲ್ಲಿ ಆ ನೆಲೆಯ ರನ್‌ವೇ ಬೆಳೆಸಲು ಹೊರಟಾಗ ಪಕ್ಕದ ಸುನಾಗಾವಾದ ರೈತರು ಹೊಲಬಿಟ್ಟು ಕದಲಲಿಲ್ಲ. ನೆಲೆ ಪೂರ್ತಿ ಜಪಾನಿಗೆ ಮರಳಿದ್ದು 1977ರಲ್ಲಿ. ಚಿತ್ರದಲ್ಲಿ ಬ್ಯಾರನ್ ಎಂಬ ಪುಂಡ ಜೀಪುಗಳ ತಂಡ ಕಟ್ಟಿಕೊಂಡು, ಅಮೆರಿಕನ್ ಸೈನಿಕರಿಗೆ ಜಪಾನಿ ತಾಯಂದಿರಲ್ಲಿ ಹುಟ್ಟಿದ ಹುಡುಗರನ್ನು ಬೇಟೆಯಾಡುತ್ತಾನೆ. ಅವನ ತಂಗಿಗೆ ಹಿಂದೆ ಆದ ಅನ್ಯಾಯಕ್ಕೆ ಇದು ಸೇಡಂತೆ. ಕುಲದ ಶುದ್ಧಿಯ ಹೆಸರಿನಲ್ಲಿ, ತಂಗಿಯ ಮಾನದ ಹೆಸರಿನಲ್ಲಿ, ಜೀಪಿನ ಮೇಲೆ. ಇದನ್ನು ಅರ್ಥಮಾಡಿಕೊಳ್ಳಲು ಜಪಾನಿ ಭಾಷೆ ಬರಬೇಕಿಲ್ಲ. ಕಾಜಿ ಹುಡುಗಿಯರ ಗ್ಯಾಂಗಿನ ನಾಯಕಿ. ಅವಳ ಹುಡುಗಿಯರನ್ನು ಇದೇ ಬ್ಯಾರನ್ ವಿದೇಶೀಯರ ಪಾರ್ಟಿಯೊಂದಕ್ಕೆ ಮಾರುತ್ತಾನೆ. ಶುದ್ಧಿಯ ಕಾವಲುಗಾರನ ವ್ಯಾಪಾರ ಅದು! ಅವಳು ಕೋಕಾ-ಕೋಲಾ ಬಾಟಲಿಗಳಿಗೆ ಪೆಟ್ರೋಲ್ ತುಂಬಿ, ಬೆಂಕಿ ಹಚ್ಚಿ ಆ ಮನೆಯೊಳಗೆ ಎಸೆಯುತ್ತಾಳೆ.

1971ರ ಕೊನೆಗೆ ನಿಕ್ಕಾತ್ಸು ಪೂರ್ತಿಯಾಗಿ ಕಾಮಚಿತ್ರಗಳ ಕಡೆಗೆ ಹೊರಳಿತು. ಕಾಜಿ ಆ ಕಂಪನಿಯನ್ನು ಬಿಟ್ಟು ತೋಯೇಗೆ ಬಂದರು. ಅಲ್ಲಿ ಕಾದಿದ್ದ ಪಾತ್ರವೂ ಅಷ್ಟೇನೂ ಮಡಿವಂತಿಕೆಯದ್ದಲ್ಲ. ಟೋರು ಶಿನೊಹಾರಾ ಅವರ ಮಾಂಗಾ (ಜಪಾನಿನ ಕಾಮಿಕ್ಸ್) ಆಧರಿಸಿದ, ಶುನ್ಯಾ ಇತೋ ಅವರ ಮೊದಲ ನಿರ್ದೇಶನದ, 1972ರ ಜೈಲು ಚಿತ್ರ: 'ಮಹಿಳಾ ಕೈದಿ 701: ಚೇಳು'. ಪ್ರೀತಿಸಿದ ಪೊಲೀಸ್ ಪತ್ತೇದಾರನೇ ನಾಮಿ ಎಂಬ ಹುಡುಗಿಯನ್ನು ಗಾಳದ ಹುಳುವಿನಂತೆ ಬಳಸಿ ಯಾಕುಜಾಗಳ ಬಾಯಿಗೆ ಕೊಡುತ್ತಾನೆ. ಅವನನ್ನು ಇರಿಯಲು ಹೋಗಿ ಅವಳು ಜೈಲು ಸೇರುತ್ತಾಳೆ. ಮಾಂಗಾದ ನಾಮಿ ಬಾಯಿಬಿಟ್ಟರೆ ಬೈಗುಳ. ತೆರೆಯ ಮೇಲಿನ ನಾಮಿ ಹೆಚ್ಚುಕಡಿಮೆ ಮಾತೇ ಆಡುವುದಿಲ್ಲ. ಈ ಮೌನ ನಿರ್ದೇಶಕರ ಪ್ರತಿಭೆ ಎಂದು ನಮ್ಮ ಲೇಖನ ಹೇಳಿತ್ತು. ತಪ್ಪು. ಆ ಬೈಗುಳಗಳನ್ನು ಆಡಲು ಒಪ್ಪದೆ, ಇವಳು ಮಾತಾಡದಿದ್ದರೆ ಹೇಗೆ ಎಂದು ಸೂಚಿಸಿದವರು ಕಾಜಿ.

ಇದೊಂದು ಸಣ್ಣ ತಿದ್ದುಪಡಿ ಎಂದು ನನಗೆ ಅನಿಸುವುದಿಲ್ಲ. ಕಥೆ ಗಂಡಸರದ್ದು, ದುಡ್ಡು ಗಂಡಸರದ್ದು, ಕತ್ತಲೆಯಲ್ಲಿ ಕೂತ ಕಣ್ಣು ಗಂಡಸರದ್ದು. ಅವರು ಚೀರಾಟ ಕೊಂಡುಕೊಳ್ಳಲು ಬಂದಿದ್ದರು, ಆಕೆ ಚೀರಲಿಲ್ಲ. ಅಂಗಳದಲ್ಲಿ ಗುಂಡಿ ತೋಡಿಸಿ, ತೋಡಿದ ಮಣ್ಣನ್ನು ಬೇರೆ ಕೈದಿಗಳಿಂದ ಅವಳ ಮೇಲೆಯೇ ಸುರಿಸುವ ಶಿಕ್ಷೆಯ ದೃಶ್ಯವೊಂದಿದೆ. ಅಲ್ಲಿ ಆ ಮುಖ ನೋಡಬೇಕು. ನೋವು ಇದೆ, ಬೇಡಿಕೆ ಇಲ್ಲ. ನಮ್ಮ ಲೇಖಕರು ಕಳಿಸಿದ್ದು ಅದೇ ಮುಖದ ಚಿತ್ರವನ್ನು, ನಾವು ಹಾಕದೆ ಬಿಟ್ಟದ್ದನ್ನು.

ಶುನ್ಯಾ ಇತೋ ಅವರಿಗೂ ಸಲ್ಲಬೇಕಾದ್ದು ಸಲ್ಲಲಿ. ಚಿತ್ರ ಆರಂಭವಾಗುವುದು ಜೈಲಿನಲ್ಲಿ, ರಾಷ್ಟ್ರಧ್ವಜದ ಕೆಳಗೆ ಅಧಿಕಾರಿಗೆ ಪ್ರಶಸ್ತಿ ಕೊಡುವ ಸಮಾರಂಭದಿಂದ. ಅಷ್ಟರಲ್ಲಿ ಕೈದಿಗಳು ಓಡಿಹೋದ ಸೈರನ್ ಕೂಗುತ್ತದೆ. ಮುಂದೆ ನಾಮಿ ತನ್ನನ್ನು ಪ್ರಿಯಕರನಿಗೆ ಒಪ್ಪಿಸಿಕೊಂಡ ರಾತ್ರಿಯ ನೆನಪು ಬರುತ್ತದೆ: ಬಿಳಿಯ ಹಾಸಿನ ನಡುವೆ ರಕ್ತದ ಕೆಂಪು ಗುಂಡಗೆ ಹರಡುತ್ತದೆ. ಜಪಾನಿನ ಬಾವುಟ ಹೇಗಿದೆಯೆಂದು ನಿಮ್ಮ ಮೊಮ್ಮಗಳಿಗೂ ಗೊತ್ತಿರುತ್ತದೆ. ಅಗ್ಗದ ಸಿನಿಮಾ ಎಂದು ಸೆನ್ಸಾರಿನವರೂ ವಿಮರ್ಶಕರೂ ಉದಾಸೀನ ಮಾಡಿದ ಕಡೆ ಇಂಥದ್ದನ್ನು ಹೇಳಿ ದಕ್ಕಿಸಿಕೊಳ್ಳಬಹುದು.

ಸೇಡು ನಮ್ಮದಲ್ಲ ಎಂದಿರಿ. ಶಿವಮೊಗ್ಗ ಸೀಮೆಯವರಾದ ನೀವು ಒಂದಾದರೂ 'ಕೀಚಕವಧೆ' ಆಟ ನೋಡದೆ ಇರಲಾರಿರಿ. ನಡುರಾತ್ರಿ ಅಡುಗೆಮನೆಗೆ ನಡೆದು ಭೀಮನನ್ನು ಎಬ್ಬಿಸುವ ದ್ರೌಪದಿ ನಮ್ಮವಳೇ. ಕುಮಾರವ್ಯಾಸ ಆ ರಾತ್ರಿಯನ್ನು ಬರೆದಿರುವ ರೀತಿ ನೋಡಿದರೆ ಅವನಿಗೆ ಸೇಡಿನ ಬಗ್ಗೆ ಯಾವ ಸಂಕೋಚವೂ ಇದ್ದಂತಿಲ್ಲ. ಆದರೆ ಅಲ್ಲೊಂದು ಪೇಚಿದೆ. ಅವಳ ಸಿಟ್ಟು ತೀರಲು ಗಂಡನ ತೋಳು ಬೇಕು. ಐವರಲ್ಲಿ ಯಾರ ತೋಳು ಎಂದು ಆರಿಸುವುದಷ್ಟೇ ಅವಳ ಕೈಯಲ್ಲಿರುವುದು. ಚೇಳಿನ ಕಥೆಯಲ್ಲಿ ಆ ತೋಳಿಲ್ಲ. ಗಂಡನ ಜಾಗದಲ್ಲಿದ್ದವನೇ ಕೀಚಕ.

ಇನ್ನೊಂದು ವ್ಯತ್ಯಾಸ ಭಾಷೆಯಲ್ಲಿದೆ. ಕನ್ನಡದಲ್ಲಿ ಸೇಡಿಗೆ 'ಮುಯ್ಯಿ' ಎಂಬ ಮಾತೂ ಇದೆ, ಮದುವೆಮನೆಯಲ್ಲಿ ಬರೆಸುವ ಉಡುಗೊರೆಗೂ ಅದೇ ಮಾತು. ಎರಡಕ್ಕೂ ಲೆಕ್ಕವಿದೆ, ಇವತ್ತು ಬಂದದ್ದು ನಾಳೆ ತಿರುಗಿ ಹೋದರೆ ಚುಕ್ತಾ. ಚೇಳಿನ ಚಿತ್ರಗಳಿಗಾಗಿ ಕಾಜಿ ಹಾಡಿದ ಹಾಡಿನ ಹೆಸರಿನಲ್ಲಿ 'ಉರಾಮಿ' ಎಂಬ ಪದವಿದೆ. ಕ್ವೆಂಟಿನ್ ಟ್ಯಾರಂಟಿನೊ 'ಕಿಲ್ ಬಿಲ್' ಚಿತ್ರದಲ್ಲಿ ಬಳಸಿದ್ದರಿಂದ ನಮ್ಮ ಹುಡುಗರಿಗೂ ಆ ಹಾಡು ಗೊತ್ತು. ಉರಾಮಿ ಎಂದರೆ ಒಳಗೇ ಉಳಿದ ಹಗೆ; ಅದು ಚುಕ್ತಾ ಆಗುವಂಥದ್ದಲ್ಲ, ಬೂದಿಯ ಕೆಳಗಿನ ಕೆಂಡ. ಮೊದಲ ಚಿತ್ರದ ಕೊನೆಯಲ್ಲಿಯೇ ನಾಮಿ ಅಗಲವಾದ ಕರಿ ಟೊಪ್ಪಿಗೆ, ಕರಿ ಕೋಟು ತೊಟ್ಟು ಬಂದು ತನ್ನ ಮುಯ್ಯಿಯನ್ನೆಲ್ಲ ತೀರಿಸುತ್ತಾಳೆ. ಆಮೇಲೂ ಮೂರು ಚಿತ್ರಗಳಲ್ಲಿ ಕಾಜಿ ಅದೇ ಪಾತ್ರ ಮಾಡಿದರು. ಲೆಕ್ಕ ಮುಗಿದ ಮೇಲೂ ಕೆಂಡ ಆರಿರಲಿಲ್ಲ.

ಮಾಲಾಶ್ರೀಯವರ ವಿಷಯಕ್ಕೆ ಬರುತ್ತೇನೆ. ಬರೆಯಬೇಕು, ಬರೆಸುತ್ತೇವೆ. ಆದರೆ ನಮ್ಮ ಸಿನಿಮಾ ಆಯುಧ ಹಿಡಿದ ಹೆಣ್ಣಿಗೆ ಇಡುವ ಹೆಸರುಗಳನ್ನು ಗಮನಿಸಿ: ದುರ್ಗಿ, ಚಾಮುಂಡಿ, ಶಕ್ತಿ. ಹೆಣ್ಣು ಹೊಡೆಯಬೇಕಾದರೆ ಅವಳು ಮೊದಲು ದೇವಿಯಾಗಬೇಕು, ಇಲ್ಲವೇ ಖಾಕಿ ತೊಡಬೇಕು. ಬರಿಯ ಹೆಂಗಸಾಗಿ ಹೊಡೆಯುವ ಅನುಮತಿ ಇಲ್ಲ. ದೇವಿಗೆ ಗೆಳತಿಯರೂ ಇರುವುದಿಲ್ಲ. (ಸಪ್ತಮಾತೃಕೆಯರನ್ನು ನೆನಪಿಸಿ ಯಾರಾದರೂ ಬರೆಯುತ್ತಾರೆ, ಗೊತ್ತು.) ನಮ್ಮ ರೌಡಿ ಚಿತ್ರಗಳಲ್ಲಿ ಗಂಡಸರಿಗೆ ಗ್ಯಾಂಗಿದೆ, ಗುರುವಿದ್ದಾನೆ, ಪ್ರಾಣ ಕೊಡುವ ಸ್ನೇಹಿತನಿದ್ದಾನೆ; ಹೆಣ್ಣಿಗೆ ಕಾಯುವ ಕೆಲಸ, ತಾಯಿಯಾಗಿಯೋ ಪ್ರೇಯಸಿಯಾಗಿಯೋ. ಜಪಾನಿನ ಆ ಅಗ್ಗದ ಚಿತ್ರಗಳಲ್ಲಿ ನನಗೆ ಹಿಡಿಸಿದ್ದು ಕತ್ತಿಯಲ್ಲ, ಕತ್ತಿಯ ಮುಂಚಿನ ಹೊತ್ತು: ಹುಡುಗಿಯರು ಒಟ್ಟಿಗೆ ಕೂತು ಸಿಗರೇಟು ಹಂಚಿಕೊಳ್ಳುವುದು, ಒಬ್ಬಳನ್ನೊಬ್ಬಳು ರೇಗಿಸುವುದು, ಕಾಸಿಲ್ಲದೆ ಹರಟುವುದು.

ಅವರು ಒಬ್ಬರಿಗೊಬ್ಬರು ದ್ರೋಹವನ್ನೂ ಮಾಡುತ್ತಾರೆ. ಚೇಳಿನ ಎರಡನೆಯ ಚಿತ್ರದಲ್ಲಿ ಏಳು ಕೈದಿ ಹೆಂಗಸರು ಬಂಡೆಗಾಡಿನಲ್ಲಿ ಓಡುತ್ತಾರೆ. ಅವರಲ್ಲೊಬ್ಬಳು ಓಬಾ, ತನ್ನ ಮಕ್ಕಳನ್ನೇ ಕೊಂದವಳು. ಆ ಪಾತ್ರ ಮಾಡಿದ ಕಾಯೊಕೊ ಶಿರಾಯಿಶಿ ಜಪಾನಿನ ರಂಗನಿರ್ದೇಶಕ ತಾಡಾಶಿ ಸುಜುಕಿಯ ತಂಡದ ನಟಿ. ನಮ್ಮ ರಂಗಭೂಮಿಯವರಿಗೆ ಆ ಹೆಸರು ಹೊಸದಲ್ಲ. ಒಬ್ಬಳು ತುಟಿ ಬಿಚ್ಚುವುದಿಲ್ಲ, ಇನ್ನೊಬ್ಬಳು ಇಡೀ ಮೈಯಿಂದ ಗರ್ಜಿಸುತ್ತಾಳೆ. ಓಬಾ ನಾಮಿಯನ್ನು ಹಿಡಿದುಕೊಡುತ್ತಾಳೆ. ಆದರೂ ಓಬಾ ಸಾಯುವಾಗ ಅವಳ ಬಳಿ ಇರುವವಳು ನಾಮಿ. ಗಂಡಸರ ದ್ರೋಹಕ್ಕೆ ಕತ್ತಿಯಿಂದ ಉತ್ತರ ಕೊಟ್ಟವಳು ಇಲ್ಲಿ ಏನೂ ಮಾಡದೆ ಸುಮ್ಮನೆ ಕೂರುತ್ತಾಳೆ. ಈ ದೃಶ್ಯ ಬರೆದವರು ಗಂಡಸರೇ ಎಂದು ನೀವು ನೆನಪಿಸಬಹುದು. ಹೌದು. ಅದಕ್ಕೇ ನಿಮ್ಮ ವಾದವನ್ನು ಅರ್ಧದಷ್ಟೇ ಒಪ್ಪಿದ್ದು.

ಚಂದಾ ನವೀಕರಿಸುವುದಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೀರಿ. ನಿಮ್ಮ ಚಂದಾ ಮುಗಿಯಲು ಇನ್ನೂ ಐದು ತಿಂಗಳಿದೆ, ಅಲ್ಲಿಯವರೆಗೆ ಕಳಿಸುತ್ತಲೇ ಇರುತ್ತೇವೆ. ಹರಿದ ಹಾಳೆಯ ಬದಲು ಆ ಲೇಖನವನ್ನು ಮುಖದ ಚಿತ್ರದೊಂದಿಗೆ ಮತ್ತೆ ಅಚ್ಚು ಮಾಡಿಸಿ ಈ ಸಂಚಿಕೆಯೊಳಗೆ ಇಟ್ಟಿದ್ದೇನೆ. ಅದರ ಕೊನೆಯ ಪ್ಯಾರಾವನ್ನು ನೀವು ಓದಿರಲಿಕ್ಕಿಲ್ಲ, ಪೋಸ್ಟರ್ ಇದ್ದದ್ದು ಅದರ ಎದುರಿಗೇ. ಅದೇ ಎರಡನೆಯ ಚಿತ್ರದ ಅಂತ್ಯ ಅಲ್ಲಿದೆ: ಟೋಕಿಯೋದ ಬೀದಿಯಲ್ಲಿ ಜೈಲಿನ ಉಡುಪಿನ ಹೆಂಗಸರು ಓಡುತ್ತಿದ್ದಾರೆ, ಒಂದು ಚಾಕು ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ದಾಟುತ್ತಾ ಹೋಗುತ್ತದೆ, ಅವರೆಲ್ಲ ನಗುತ್ತಿದ್ದಾರೆ.

ಇತಿ,
ಸಂಪಾದಕ