ಸುಳ್ಳಿನ ಅನುಮಾನ ಬಂದಾಗ ಏನು ಕೇಳಬೇಕು, ಹೇಗೆ ಕೇಳಬೇಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹಲವು, ಎದುರಿಗಿರುವವರು ಸುಳ್ಳು ಹೇಳುತ್ತಿದ್ದಾರೆಂಬ ಅನುಮಾನ ಮೂಡಿದಾಗ ಅವರನ್ನು ಏನೆಂದು ಕೇಳಬೇಕು ಎಂಬ ಒಂದೇ ಚಿಂತೆಯಿಂದ ಬರೆದವು. ಅವುಗಳಿಂದ ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನ್ನ ಕೈಕೆಳಗೆ ಕೆಲಸ ಮಾಡುವ ಒಬ್ಬರು, ವಹಿಸಿದ ಕೆಲಸದ ಬಗ್ಗೆ ವಿಚಾರಿಸಿದಾಗಲೆಲ್ಲ ನೆಲ ನೋಡುತ್ತ, ತಡವರಿಸುತ್ತ ಉತ್ತರಿಸುತ್ತಾರೆ. ಕಣ್ಣು ತಪ್ಪಿಸಿ ಮಾತಾಡುವುದು ಸುಳ್ಳಿನ ಲಕ್ಷಣವಲ್ಲವೇ?

ಅಲ್ಲ. ಆದರೆ ಹಾಗೆಂದು ನಂಬಿರುವವರು ನೀವೊಬ್ಬರೇ ಅಲ್ಲ. ಸುಮಾರು 75 ದೇಶಗಳ ಜನರನ್ನು ಮಾತಾಡಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸುಳ್ಳುಗಾರರನ್ನು ಹೇಗೆ ಗುರುತಿಸುತ್ತೀರಿ ಎಂಬ ಪ್ರಶ್ನೆಗೆ ಅತಿ ಹೆಚ್ಚು ಬಾರಿ ಬಂದ ಉತ್ತರ, ಅವರು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದಿಲ್ಲ ಎಂಬುದೇ ಆಗಿತ್ತು. ಅದೇ ವರ್ಷ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಎಂಬ ಮನಶ್ಶಾಸ್ತ್ರಜ್ಞರು, 24,000ಕ್ಕೂ ಹೆಚ್ಚು ಜನ ನೀಡಿದ ತೀರ್ಪುಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಬೇರೆ ಯಾವ ಆಧಾರವೂ ಇಲ್ಲದೆ, ಮಾತು ಮತ್ತು ಹಾವಭಾವಗಳನ್ನಷ್ಟೇ ಗಮನಿಸಿ ನಿಜ ಯಾವುದು, ಸುಳ್ಳು ಯಾವುದು ಎಂದು ಹೇಳಹೊರಟವರು ಸರಿಯಾದದ್ದು ಸರಾಸರಿ ಶೇ 54ರಷ್ಟು ಸಲ ಮಾತ್ರ. ಕಣ್ಣು ಮುಚ್ಚಿ ಊಹಿಸಿದರೂ ಶೇ 50ರಷ್ಟು ಸಲ ಸರಿಯಾಗುತ್ತದೆ. ವಿಚಾರಣೆಯನ್ನೇ ವೃತ್ತಿಯಾಗಿಸಿಕೊಂಡವರೂ ಈ ಕೆಲಸದಲ್ಲಿ ಸಾಮಾನ್ಯರಿಗಿಂತ ಮೇಲೆಂದು ಕಂಡುಬರಲಿಲ್ಲ.

ಸಿಕ್ಕಿಬೀಳುವೆನೆಂಬ ಭಯವೂ, ನಿಜ ಹೇಳಿದರೂ ಇವರು ನಂಬಲಾರರೆಂಬ ಭಯವೂ ಮುಖದ ಮೇಲೆ ಒಂದೇ ರೀತಿ ಕಾಣಿಸಿಕೊಳ್ಳುತ್ತವೆ. ಮುಖಭಾವಗಳ ಅಧ್ಯಯನಕ್ಕೆ ಹೆಸರಾದ ಪಾಲ್ ಎಕ್ಮನ್ ಅವರೇ ಈ ಗೊಂದಲದ ಬಗ್ಗೆ ಎಚ್ಚರಿಸಿದ್ದಾರೆ. ನಿಮ್ಮ ಸಹೋದ್ಯೋಗಿ ನೆಲ ನೋಡುವುದು ಅಧಿಕಾರದಲ್ಲಿರುವವರ ಮುಂದೆ ಹುಟ್ಟುವ ಅಳುಕಿನಿಂದಲೂ ಇರಬಹುದು. ಹಾಗಿದ್ದಲ್ಲಿ, ನೀವು ದಿಟ್ಟಿಸಿದಷ್ಟೂ ಅವರು ಇನ್ನಷ್ಟು ತಡವರಿಸುತ್ತಾರೆ, ನಿಮ್ಮ ಅನುಮಾನ ಇನ್ನಷ್ಟು ಬಲಿಯುತ್ತದೆ. ಮುಖ ನೋಡುವುದನ್ನು ಬಿಟ್ಟು ಅವರು ಹೇಳುವ ಸಂಗತಿಯ ಕಡೆಗೆ ಗಮನ ತಿರುಗಿಸಿ. “ಕೆಲಸ ಮುಗಿಯಿತೇ?” ಎಂಬುದು ಒಂದೇ ಪದದಲ್ಲಿ ಜಾರಿಕೊಳ್ಳಲು ಬಿಡುವ ಪ್ರಶ್ನೆ. “ಎಲ್ಲಿಯವರೆಗೆ ಬಂದಿದೆ, ಉಳಿದಿರುವುದು ಏನು, ಆದಷ್ಟನ್ನು ಈಗ ಒಮ್ಮೆ ನೋಡೋಣವೇ?” ಎಂದು ಕೇಳಿದರೆ, ಅವರು ಯಾವ ಕಡೆ ನೋಡುತ್ತ ಉತ್ತರಿಸಿದರು ಎಂಬುದೇ ಮುಖ್ಯವಾಗುವುದಿಲ್ಲ.

ಪ್ರಶ್ನೆ: ಸುಳ್ಳುಗಾರರನ್ನು ಕಟ್ಟಿಹಾಕುವ ಪ್ರಶ್ನೆಗಳನ್ನು ರೂಪಿಸುವುದು ಹೇಗೆ? ನಾನು ಎಷ್ಟು ಕೆದಕಿ ಕೇಳಿದರೂ ಎದುರಿನವರ ಬಳಿ ಉತ್ತರ ಸಿದ್ಧವಾಗಿಯೇ ಇರುತ್ತದೆ.

ನಿಮ್ಮ ಪತ್ರದ ಎರಡನೆಯ ವಾಕ್ಯದಲ್ಲೇ ಕಾರಣವೂ ಇದೆ. ಸುಳ್ಳು ಹೇಳಲು ಹೊರಟವರು ಮೊದಲೇ ಸಿದ್ಧರಾಗಿ ಬರುತ್ತಾರೆ. ಎಲ್ಲಿ ಹೋಗಿದ್ದಿರಿ, ಯಾರ ಜೊತೆ, ಎಷ್ಟು ಹೊತ್ತಿಗೆ ಬಂದಿರಿ ಎಂಬ ಪ್ರಶ್ನೆಗಳನ್ನು ನೀವು ಕೇಳುವಿರೆಂದು ಅವರಿಗೆ ಗೊತ್ತಿರುವುದರಿಂದ, ಅವಕ್ಕೆ ಉತ್ತರಗಳು ಗಿಣಿಪಾಠವಾಗಿರುತ್ತವೆ. ಅದೇ ಪ್ರಶ್ನೆಗಳನ್ನು ಗಟ್ಟಿಯಾಗಿ ಇನ್ನೊಮ್ಮೆ ಕೇಳಿದರೆ ಅದೇ ಪಾಠ ಇನ್ನೊಮ್ಮೆ ಒಪ್ಪಿಸಲ್ಪಡುತ್ತದೆ, ಅಷ್ಟೇ.

ಈ ವಿಷಯದಲ್ಲಿ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಆಲ್ಡರ್ಟ್ ವ್ರೈ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಉಪಯುಕ್ತವಾದುದು. ಕೆಲವು ಜೋಡಿಗಳು ನಿಜವಾಗಿಯೂ ಒಟ್ಟಿಗೆ ಹೋಟೆಲಿನಲ್ಲಿ ಊಟ ಮಾಡಿದ್ದರು. ಇನ್ನು ಕೆಲವು ಜೋಡಿಗಳು ಊಟಕ್ಕೆ ಹೋಗದೆ, ಹೋಗಿದ್ದೆವೆಂದು ಹೇಳಲು ಒಂದು ಕಥೆ ಹೊಂದಿಸಿಕೊಂಡಿದ್ದರು. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿ, ಜೋಡಿಯ ಇಬ್ಬರ ಉತ್ತರಗಳನ್ನು ತಾಳೆ ನೋಡಲಾಯಿತು. ಹೋಟೆಲಿನಲ್ಲಿ ಏನೇನು ಮಾಡಿದಿರಿ ಎಂಬ ನಿರೀಕ್ಷಿತ ಪ್ರಶ್ನೆಯಿಂದ ಪ್ರಯೋಜನವಾಗಲಿಲ್ಲ. ಆದರೆ ಯಾರು ಎಲ್ಲಿ ಕುಳಿತಿದ್ದರು ಎಂಬಂಥ ಪ್ರಶ್ನೆಗಳು ಬಂದಾಗ, ಅದಕ್ಕಿಂತ ಹೆಚ್ಚಾಗಿ, ಆ ಜಾಗದ ನಕ್ಷೆ ಬರೆದು ತೋರಿಸಲು ಹೇಳಿದಾಗ, ಕಥೆ ಕಟ್ಟಿದವರ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಸುಮಾರು ಶೇ 80ರಷ್ಟು ಜೋಡಿಗಳನ್ನು ಸರಿಯಾಗಿ ಗುರುತಿಸಲು ಸಾಧ್ಯವಾಯಿತು.

ಇದನ್ನು ದಿನನಿತ್ಯದ ಸಂದರ್ಭಕ್ಕೆ ಅನ್ವಯಿಸಿ ನೋಡೋಣ. ನಿನ್ನೆಯ ಸಭೆಗೆ ಹೋಗಿದ್ದೆನೆಂದು ಒಬ್ಬರು ಹೇಳುತ್ತಾರೆ. ಅಲ್ಲಿ ಏನು ಚರ್ಚೆಯಾಯಿತೆಂಬುದನ್ನು ಅವರು ಹೋಗಿದ್ದ ಯಾರಿಂದಲಾದರೂ ಕೇಳಿ ತಿಳಿದಿರಬಹುದು. ಆದರೆ ಅವರು ಕುಳಿತ ಜಾಗದಿಂದ ಬಾಗಿಲು ಯಾವ ಕಡೆಗಿತ್ತು, ಪಕ್ಕದಲ್ಲಿ ಯಾರಿದ್ದರು, ಮಧ್ಯದಲ್ಲಿ ಯಾರಾದರೂ ಎದ್ದು ಹೋದರೇ ಎಂಬುದು ಬಾಯಿಮಾತಿನಲ್ಲಿ ದಾಟಿ ಬರುವಂಥ ವಿವರವಲ್ಲ. ಹೋಗಿದ್ದವರು ಅಲ್ಲಿದ್ದ ತಮ್ಮನ್ನು ನೆನಪಿಸಿಕೊಂಡು ಉತ್ತರಿಸುತ್ತಾರೆ. ಹೋಗದವರು ಆ ಕ್ಷಣದಲ್ಲಿ ಹೊಸದೊಂದನ್ನು ಕಟ್ಟಬೇಕಾಗುತ್ತದೆ, ಇಲ್ಲವೇ ನೆನಪಿಲ್ಲವೆಂದು ಹಿಂದೆ ಸರಿಯಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಅನಿರೀಕ್ಷಿತ ಪ್ರಶ್ನೆಯೆಂದರೆ ಉತ್ತರಿಸಲಾಗದ ಪ್ರಶ್ನೆಯಲ್ಲ. ಗೋಡೆಯ ಬಣ್ಣ ಯಾವುದಿತ್ತು ಎಂದು ಕೇಳಿದರೆ ಸಭೆಯಲ್ಲಿ ಕೊನೆಯವರೆಗೆ ಕುಳಿತಿದ್ದವರೂ ನೆನಪಿಲ್ಲ ಎನ್ನಬಹುದು, ಮತ್ತು ಆ ಉತ್ತರ ಪ್ರಾಮಾಣಿಕವೇ ಆಗಿರುತ್ತದೆ. ಅಲ್ಲಿದ್ದ ಯಾರಾದರೂ ಸಹಜವಾಗಿ ಗಮನಿಸಿರಲೇಬೇಕಾದ ಸಂಗತಿಯನ್ನು ಮಾತ್ರ ಕೇಳಿ. ಬಂದ ಉತ್ತರವನ್ನು ತಾಳೆ ನೋಡಲು ದಾರಿಯಿದ್ದರೆ ಮಾತ್ರ ಅದಕ್ಕೆ ಬೆಲೆ ಕೊಡಿ. ಹಾಗೆಯೇ, ಹೇಳುತ್ತ ಹೇಳುತ್ತ “ಅಲ್ಲ, ಅದು ಆಮೇಲೆ ನಡೆದದ್ದು” ಎಂದು ತಿದ್ದಿಕೊಳ್ಳುವವರನ್ನು ತಕ್ಷಣ ಅನುಮಾನಿಸಬೇಡಿ. ನೆನಪಿನಿಂದ ಹೇಳುವ ಮಾತು ಹಿಂದುಮುಂದಾಗುವುದು ಸಹಜ. ಅನುಭವದಿಂದ ಬಂದ ಹೇಳಿಕೆಗೂ ಕಟ್ಟುಕಥೆಗೂ ಗುಣದಲ್ಲೇ ವ್ಯತ್ಯಾಸವಿರುತ್ತದೆಂದು ವಾದಿಸಿದ ಜರ್ಮನಿಯ ಮನಶ್ಶಾಸ್ತ್ರಜ್ಞ ಉಡೊ ಉಂಡಾಯ್ಚ್ ಅವರ ಹಾದಿಯಲ್ಲಿ ಬೆಳೆದ ವಿಧಾನವು, ತಾವಾಗಿಯೇ ತಿದ್ದಿಕೊಳ್ಳುವುದನ್ನೂ ಇಷ್ಟು ನೆನಪಿಲ್ಲವೆಂದು ಒಪ್ಪಿಕೊಳ್ಳುವುದನ್ನೂ ನಿಜದ ಪಾಲಿಗೆ ಹಾಕುತ್ತದೆ. ಎಷ್ಟು ಸಲ ಕೇಳಿದರೂ ಅಕ್ಷರ ಬದಲಾಗದ ಹೇಳಿಕೆ ಬಾಯಿಪಾಠವಾಗಿರುವ ಸಾಧ್ಯತೆಯೂ ಇದೆ.

ಪ್ರಶ್ನೆಗಳಿಗೆ ಮೊದಲು ಪೂರ್ತಿ ಮಾತಾಡಲು ಬಿಡುವುದು ಮುಖ್ಯ. “ಬೆಳಿಗ್ಗೆಯಿಂದ ನಡೆದದ್ದನ್ನು ಒಂದೂ ಬಿಡದೆ ಹೇಳಿ” ಎಂದು ಕೇಳಿ ಸುಮ್ಮನಾಗಿ. ಅವರು ಉಸಿರು ತೆಗೆದುಕೊಂಡಲ್ಲೆಲ್ಲ ಅಡ್ಡಪ್ರಶ್ನೆ ಹಾಕಬೇಡಿ. ಬಳಿಕ, ಅವರು ಹೇಳಿದ್ದರಲ್ಲಿ ಪರಿಶೀಲಿಸಬಹುದಾದ ವಿವರ ಎಷ್ಟಿದೆಯೆಂದು ನೋಡಿ. ಇಸ್ರೇಲಿನ ಸಂಶೋಧಕಿ ಗಲಿತ್ ನಹಾರಿ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿರುವಂತೆ, ಸುಳ್ಳು ಹೇಳುವವರು ವಿವರಗಳನ್ನು ಕೊಡುತ್ತಾರೆ, ಆದರೆ ಯಾರೂ ಪರಿಶೀಲಿಸಲಾಗದ ವಿವರಗಳನ್ನೇ ಆರಿಸಿಕೊಳ್ಳುವ ಒಲವು ಅವರಲ್ಲಿರುತ್ತದೆ. ದಾರಿಯಲ್ಲಿ ಯಾರೋ ಒಬ್ಬರು ಸಿಕ್ಕರು ಎಂಬುದಕ್ಕೂ, ಇಂಥವರು ಸಿಕ್ಕರು, ಅವರನ್ನು ಕೇಳಬಹುದು ಎಂಬುದಕ್ಕೂ ಇರುವ ಅಂತರ ಅದು. “ನೀವು ಹೇಳಿದ್ದನ್ನು ಯಾರನ್ನಾದರೂ ಕೇಳಿ ಅಥವಾ ಏನನ್ನಾದರೂ ನೋಡಿ ಖಚಿತಪಡಿಸಿಕೊಳ್ಳಬಹುದೇ?” ಎಂದು ನೇರವಾಗಿಯೇ ಕೇಳುವುದರಲ್ಲಿ ತಪ್ಪಿಲ್ಲ; ನಿಜ ಹೇಳುವವರಿಗೆ ಅದರಿಂದ ಸಹಾಯವೇ ಆಗುತ್ತದೆ.

ನಡೆದದ್ದನ್ನು ಕೊನೆಯಿಂದ ಮೊದಲಿನವರೆಗೆ ಹಿಮ್ಮುಖವಾಗಿ ಹೇಳಿಸುವ ತಂತ್ರವೂ ಸಂಶೋಧಕರ ಬಳಿ ಇದೆ. ಸುಳ್ಳುಗಾರರ ಮನಸ್ಸಿನ ಮೇಲೆ ಹೊರೆ ಹೆಚ್ಚಿಸುವುದು ಅದರ ಉದ್ದೇಶ. ಮನೆಯಲ್ಲಾಗಲಿ ಸ್ನೇಹಿತರ ನಡುವೆಯಾಗಲಿ ಅದನ್ನು ಬಳಸಬಾರದೆಂಬುದು ನನ್ನ ಅಭಿಪ್ರಾಯ. ಎದುರಿನವರನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸದೆ ಅದನ್ನು ಕೇಳಲಾಗುವುದಿಲ್ಲ.

ಇನ್ನೊಂದು ಸಂಗತಿ: ಉತ್ತರವನ್ನು ನಿಮ್ಮ ಪ್ರಶ್ನೆಯೊಳಗೇ ಇಟ್ಟು ಕೊಡಬೇಡಿ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಾಹನ ಅಪಘಾತದ ದೃಶ್ಯ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವೆಂದು ಕೇಳಿದರು. ಕಾರುಗಳು ಒಂದನ್ನೊಂದು “ತಾಗಿದಾಗ” ಎಂಬರ್ಥದ ಕ್ರಿಯಾಪದ ಬಳಸಿದಾಗ ಬಂದ ಅಂದಾಜಿಗಿಂತ, “ಅಪ್ಪಳಿಸಿದಾಗ” ಎಂಬರ್ಥದ ಕ್ರಿಯಾಪದ ಬಳಸಿದಾಗ ಬಂದ ಅಂದಾಜು ಹೆಚ್ಚಾಗಿತ್ತು. ದೃಶ್ಯ ಒಂದೇ, ಬದಲಾದದ್ದು ಕೇಳಿದವರ ಮಾತು. “ಸಿಟ್ಟಿನಲ್ಲಿ ಹೊರಟುಹೋದಾಗ ಎಷ್ಟು ಗಂಟೆಯಾಗಿತ್ತು?” ಎಂದು ಕೇಳಿದವರಿಗೆ ಸಿಟ್ಟಿನ ವಿವರ ಸಿಕ್ಕರೆ, ಅದರಲ್ಲಿ ಕೇಳಿದವರದೇ ಪಾಲೂ ಇರುತ್ತದೆ.

ಪ್ರಶ್ನೆ: ಹಳೆಯ ವಾಹನವೊಂದನ್ನು ಕೊಳ್ಳಬೇಕೆಂದಿದ್ದೇನೆ. ಮಾರುವವರು ದೋಷಗಳನ್ನು ಮುಚ್ಚಿಡದಂತೆ ಕೇಳುವುದು ಹೇಗೆ?

ಪ್ರಶ್ನೆಯ ರೂಪ ಎಷ್ಟು ವ್ಯತ್ಯಾಸ ಮಾಡುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಜೂಲಿಯಾ ಮಿನ್ಸನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆ ಕೈಕೊಟ್ಟಿದ್ದ ಒಂದು ಐಪಾಡನ್ನು ಮಾರುವ ಪಾತ್ರವನ್ನು ಜನರಿಗೆ ವಹಿಸಿ, ಕೊಳ್ಳುವವರು ಮೂರು ರೀತಿಯಲ್ಲಿ ಕೇಳುವಂತೆ ಮಾಡಲಾಗಿತ್ತು. ಇದರ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳಿದಾಗ ದೋಷದ ಮಾತನ್ನು ಎತ್ತಿದವರು ತೀರಾ ಕಡಿಮೆ. ಇದರಲ್ಲಿ ತೊಂದರೆಯೇನೂ ಇಲ್ಲ ತಾನೇ ಎಂದು ಕೇಳಿದಾಗ ಅದಕ್ಕಿಂತ ಹೆಚ್ಚು ಜನ ಹೇಳಿದರು. ಇದರಲ್ಲಿ ಏನೇನು ತೊಂದರೆಗಳಿವೆ ಎಂದು, ತೊಂದರೆ ಇದ್ದೇ ಇದೆಯೆಂಬ ಧಾಟಿಯಲ್ಲಿ ಕೇಳಿದಾಗ ಅತಿ ಹೆಚ್ಚು ಜನ ಬಾಯಿಬಿಟ್ಟರು. “ಇಲ್ಲ ತಾನೇ” ಎಂದು ಕೇಳುವವರು ತಮಗೆ ಬೇಕಾದ ಉತ್ತರವನ್ನು ತಾವೇ ಸೂಚಿಸುತ್ತಾರೆ, ಮತ್ತು ಮಾರುವವರು ತಲೆಯಾಡಿಸಿದರೆ ಮುಗಿಯಿತು. ತೊಂದರೆಗಳನ್ನು ಎಣಿಸಲು ಹೇಳುವವರಿಗೆ ಈ ವಸ್ತುವಿನ ಬಗ್ಗೆ ತಿಳಿವಳಿಕೆಯಿದೆ, ಆಮೇಲೆ ಪರಿಶೀಲಿಸುತ್ತಾರೆ ಎಂಬ ಭಾವನೆ ಎದುರಿನವರಲ್ಲಿ ಮೂಡುತ್ತದೆ.

ಹಾಗಾಗಿ “ಎಂಜಿನ್ ಚೆನ್ನಾಗಿದೆಯಲ್ಲವೇ?” ಎನ್ನುವ ಬದಲು “ಎಂಜಿನ್ನಿನಲ್ಲಿ ಇದುವರೆಗೆ ಯಾವ ಯಾವ ರಿಪೇರಿ ಆಗಿದೆ, ಕೊನೆಯ ಸಲ ಕೈಕೊಟ್ಟದ್ದು ಯಾವಾಗ?” ಎಂದು ಕೇಳಿ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಡಬೇಡಿ ಎಂದು ಹಿಂದಿನ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಹೇಳಿದ ಎಚ್ಚರಿಕೆಗೂ ಇದಕ್ಕೂ ವಿರೋಧವಿಲ್ಲವೇ ಎಂದು ನೀವು ಕೇಳಬಹುದು. ನಡೆದ ಘಟನೆಯನ್ನು ನೆನಪಿಸಿಕೊಳ್ಳುತ್ತಿರುವವರ ಬಾಯಿಗೆ ಮಾತು ತುರುಕುವುದು ಅಪಾಯಕಾರಿ. ಗೊತ್ತಿರುವುದನ್ನು ಹೇಳದೆ ಉಳಿಸಿಕೊಳ್ಳುವುದರಿಂದ ಲಾಭವಿರುವವರನ್ನು ದೋಷಗಳನ್ನು ಹೇಳಲು ಒತ್ತಾಯಿಸುವುದು ಬೇರೆಯೇ ಕೆಲಸ. ಅಷ್ಟಾದರೂ, ನೇರ ಪ್ರಶ್ನೆಯ ಮುಂದೆ ಮುಚ್ಚಿಡುವುದು ಕಡಿಮೆಯಾಗಿ, ಕೆಲವರು ಹಸಿ ಸುಳ್ಳಿಗೇ ಇಳಿಯುವುದುಂಟು. ದಾಖಲೆಗಳನ್ನು ನೋಡದೆ, ಬಲ್ಲವರೊಬ್ಬರಿಂದ ವಾಹನ ಪರಿಶೀಲಿಸದೆ ಹಣ ಕೊಡಬೇಡಿ.

ಪ್ರಶ್ನೆ: ನನ್ನ ಬಳಿ ಸಾಕ್ಷ್ಯವಿದೆ. ಅದನ್ನು ಮುಂದಿಟ್ಟೇ ಮಾತು ಆರಂಭಿಸಿದರೆ ಸುಳ್ಳಿಗೆ ಅವಕಾಶವೇ ಇರುವುದಿಲ್ಲವಲ್ಲ?

ಸಾಕ್ಷ್ಯ ನೋಡಿದ ತಕ್ಷಣ, ಅದಕ್ಕೆ ಹೊಂದುವಂತೆ ಕಥೆ ಹೆಣೆಯಲು ಅವಕಾಶ ಸಿಗುತ್ತದೆ. ಕಪಾಟಿನ ಮೇಲೆ ನಿಮ್ಮ ಬೆರಳಚ್ಚು ಸಿಕ್ಕಿದೆ ಎಂದು ಮೊದಲೇ ಹೇಳಿದರೆ, ಬೇರೊಂದು ಕಾಗದ ಹುಡುಕಲು ಅದನ್ನು ತೆರೆದಿದ್ದೆ ಎಂಬ ಉತ್ತರ ಸಲೀಸಾಗಿ ಬರುತ್ತದೆ. ಅದನ್ನು ಹೇಳದೆ, ಅಂದು ಆ ಕೋಣೆಯಲ್ಲಿ ಏನೇನು ಮಾಡಿದಿರಿ, ಯಾವುದನ್ನೆಲ್ಲ ಮುಟ್ಟಿದಿರಿ ಎಂದು ಮೊದಲು ಕೇಳಿದರೆ, ಮುಚ್ಚಿಡಲು ಏನೂ ಇಲ್ಲದವರು ಕಪಾಟು ತೆರೆದದ್ದನ್ನೂ ಸೇರಿಸಿ ಹೇಳುತ್ತಾರೆ. ಮುಚ್ಚಿಡುವವರು ಕಪಾಟಿನ ಹತ್ತಿರವೂ ಹೋಗಿಲ್ಲವೆನ್ನುವ ಸಾಧ್ಯತೆ ಹೆಚ್ಚು. ಮಾರಿಯಾ ಹಾರ್ಟ್‌ವಿಗ್, ಪಾರ್ ಆಂಡರ್ಸ್ ಗ್ರಾನ್‌ಹಾಗ್ ಮತ್ತು ಸಂಗಡಿಗರು ಸ್ವೀಡನ್ನಿನ ತರಬೇತಿನಿರತ ಪೊಲೀಸರಿಗೆ ಈ ಕ್ರಮ ಕಲಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲಿತವರು ಶೇ 85ರಷ್ಟು ಸಲ ಸರಿಯಾಗಿ ಗುರುತಿಸಿದರೆ, ಕಲಿಯದವರು ಶೇ 56ರಷ್ಟು ಸಲ ಮಾತ್ರ ಗುರುತಿಸಿದರು. ಇಲ್ಲಿ ಸಾಕ್ಷ್ಯವನ್ನು ಬಚ್ಚಿಡುವುದು ಮೋಸಗೊಳಿಸಲು ಅಲ್ಲ. ವಿವರಣೆ ಕೊಡಲು ಪೂರ್ತಿ ಅವಕಾಶ ಸಿಕ್ಕ ಬಳಿಕ, ಅದನ್ನು ತೋರಿಸಿ, ವ್ಯತ್ಯಾಸ ಯಾಕೆ ಬಂತೆಂದು ಶಾಂತವಾಗಿ ಕೇಳಲೇಬೇಕು. ಇಲ್ಲದ ಸಾಕ್ಷ್ಯವನ್ನು ಇದೆಯೆಂದು ಹೇಳಿ ಹೆದರಿಸುವುದನ್ನು ಮಾತ್ರ ಎಂದೂ ಮಾಡಬೇಡಿ. ಒತ್ತಡಕ್ಕೆ ಸಿಲುಕಿ, ಮಾಡದ ತಪ್ಪನ್ನು ಒಪ್ಪಿಕೊಂಡ ನಿರಪರಾಧಿಗಳಿದ್ದಾರೆ.

ಪ್ರಶ್ನೆ: ಕಣ್ಣುಗುಡ್ಡೆ ಬಲಕ್ಕೆ ಸರಿದರೆ ಸುಳ್ಳು, ಎಡಕ್ಕೆ ಸರಿದರೆ ನಿಜ ಎಂದು ಕೇಳಿದ್ದೇನೆ. ಸರಿಯೇ?

ಆಧಾರವಿಲ್ಲದ ಮಾತು. ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಇದನ್ನೇ ಪರೀಕ್ಷಿಸಿದಾಗ ಅದಕ್ಕೆ ಯಾವ ಬೆಂಬಲವೂ ಸಿಗಲಿಲ್ಲ.

ಪ್ರಶ್ನೆ: ನನ್ನ ಏಳು ವರ್ಷದ ಮಗಳು ಸಣ್ಣಪುಟ್ಟ ವಿಷಯಗಳಿಗೂ ಸುಳ್ಳು ಹೇಳತೊಡಗಿದ್ದಾಳೆ. ಅವಳನ್ನು ಹೇಗೆ ವಿಚಾರಿಸಬೇಕು?

ಒಡೆದ ಲೋಟ ಎದುರಿಗೇ ಬಿದ್ದಿರುವಾಗ, ಒಡೆದವಳು ಅವಳೇ ಎಂದು ಗೊತ್ತಿರುವಾಗ, “ಇದನ್ನು ಒಡೆದವರು ಯಾರು?” ಎಂದು ದಯವಿಟ್ಟು ಕೇಳಬೇಡಿ. ಅದು ಮಗುವನ್ನು ಸುಳ್ಳಿನ ಬಾಗಿಲಿಗೆ ಒಯ್ದು ನಿಲ್ಲಿಸುವ ಪ್ರಶ್ನೆ. “ಲೋಟ ಒಡೆದಿದೆ, ಬಾ, ಇಬ್ಬರೂ ಸೇರಿ ಚೂರುಗಳನ್ನು ತೆಗೆಯೋಣ, ಹೇಗಾಯಿತು ಹೇಳು” ಎಂದರೆ ಮಗು ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ. ನಿಮಗೆ ನಿಜವಾಗಿಯೂ ಗೊತ್ತಿಲ್ಲದ ವಿಷಯವಾದರೆ, ಕೇಳುವ ಮೊದಲು “ನಿಜ ಹೇಳುತ್ತೇನೆಂದು ಮಾತು ಕೊಡುತ್ತೀಯಾ?” ಎಂದು ಕೇಳುವುದು ಉಪಯುಕ್ತ, ಹಾಗೆ ಮಾತು ಕೊಟ್ಟ ಮಕ್ಕಳಲ್ಲಿ ಸುಳ್ಳು ಕಡಿಮೆಯಾಗುತ್ತದೆಂದು ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಅವರ ತಂಡದ ಅಧ್ಯಯನಗಳು ತೋರಿಸಿವೆ. ಇದೇ ಇಬ್ಬರು 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಕಠಿಣ ಶಿಕ್ಷೆಯಿದ್ದ ಶಾಲೆಯ ಪುಟ್ಟ ಮಕ್ಕಳು ಬೇರೆ ಶಾಲೆಯ ಮಕ್ಕಳಿಗಿಂತ ಹೆಚ್ಚಾಗಿ ಸುಳ್ಳು ಹೇಳಿದ್ದಲ್ಲದೆ, ಆ ಸುಳ್ಳನ್ನು ಹೆಚ್ಚು ಚತುರವಾಗಿ ಕಾಪಾಡಿಕೊಂಡರು. ನಿಜ ಹೇಳಿದ ದಿನ ಅವಳಿಗೆ ಏನಾಗುತ್ತದೆ ಎಂಬುದನ್ನು ನೀವು ಒಮ್ಮೆ ಯೋಚಿಸಿ ನೋಡಿ.

ಪ್ರಶ್ನೆ: ಇಷ್ಟೆಲ್ಲ ಕೇಳಿದ ಮೇಲೂ ಖಚಿತವಾಗದಿದ್ದರೆ?

ಬಹಳ ಸಲ ಹಾಗೆಯೇ ಆಗುತ್ತದೆ. ಟಿಮೊತಿ ಲೆವಿನ್ ಮತ್ತು ಸಹಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವು ಪತ್ತೆಹಚ್ಚಿದ ಸುಳ್ಳೊಂದನ್ನು ನೆನಪಿಸಿಕೊಳ್ಳಲು ಜನರಿಗೆ ಹೇಳಿದಾಗ, ಹೆಚ್ಚಿನವರಿಗೆ ಅದು ತಿಳಿದದ್ದು ಮಾತು ನಡೆಯುತ್ತಿರುವಾಗ ಅಲ್ಲ. ಎಷ್ಟೋ ಸಮಯದ ಬಳಿಕ, ಮೂರನೆಯವರ ಮಾತಿನಿಂದಲೋ, ಕೈಗೆ ಸಿಕ್ಕ ಆಧಾರದಿಂದಲೋ, ಹೇಳಿದವರ ತಪ್ಪೊಪ್ಪಿಗೆಯಿಂದಲೋ. ಆದ್ದರಿಂದ ಆ ಕ್ಷಣದಲ್ಲೇ ತೀರ್ಪು ಕೊಡಬೇಕೆಂಬ ಆತುರ ಬೇಡ. ಅವರು ಹೇಳಿದ್ದನ್ನು ಅವರದೇ ಮಾತುಗಳಲ್ಲಿ, ಅದೇ ದಿನ, ದಿನಾಂಕ ಹಾಕಿ ಬರೆದಿಡಿ. ವಾರ ಕಳೆದರೆ ಅವರ ಮಾತಿನ ಜಾಗದಲ್ಲಿ ನಿಮ್ಮ ಅನುಮಾನವೇ ನೆನಪಾಗಿ ಉಳಿಯುವ ಸಂಭವವಿದೆ. ನೀವೇ ಹೋಗಿ ಪರಿಶೀಲಿಸಬಹುದಾದ ಒಂದೆರಡು ವಿವರಗಳಿದ್ದರೆ ಮೊದಲು ಅವುಗಳನ್ನು ಪರಿಶೀಲಿಸಿ, ಮುಂದಿನ ಪ್ರಶ್ನೆಯನ್ನು ಆಮೇಲೆ ಕೇಳಿ.