ಗಲ್ಫಿನಿಂದ ಬಂದ ಬಾಟ್ಲಿ

ಪೆರ್ಲದ ಓದುಗರೊಬ್ಬರ ಪತ್ರದ ಸಾರ: "ನನಗೆ 58 ವರ್ಷ. ನಮ್ಮದು ಸಸ್ಯಾಹಾರದ ಮನೆ. ಒಂಬತ್ತು ವರ್ಷದಿಂದ ಶುಗರಿಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಥೈರಾಯ್ಡಿನ ಮಾತ್ರೆಯೂ ಇದೆ. ದುಬೈಯಿಂದ ರಜೆಗೆ ಬಂದ ಮಗ ಮಲ್ಟಿವಿಟಮಿನ್, ಕ್ಯಾಲ್ಸಿಯಂ ಬಾಟ್ಲಿ ತಂದಿದ್ದಾನೆ. ದಿನಾ ತೆಗೆದುಕೊಳ್ಳಬಹುದೇ? ತೋಟದ ಕೆಲಸ ಮಾಡುವ, ಬೀಡಿ ಸೇದುವ ಯಜಮಾನರಿಗೂ ಕೊಡಬಹುದೇ? ಈಚೆಗೆ ಪಾದ ಜುಮ್ಮೆನ್ನುತ್ತದೆ."

ಅಕ್ಕಾ, ಬಾಟ್ಲಿಯ ಬಗ್ಗೆ ನೀವು ಒಂದು ಪುಟ ಬರೆದಿದ್ದೀರಿ. ಪಾದದ ಬಗ್ಗೆ ಒಂದೇ ಸಾಲು, ಅದೂ ಕೊನೆಯಲ್ಲಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಮೆಟ್‌ಫಾರ್ಮಿನ್ ಒಳ್ಳೆಯ ಔಷಧ, ಅದನ್ನು ಬಿಡಬೇಡಿ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಕರುಳು ವಿಟಮಿನ್ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ರಕ್ತಕ್ಕೂ ನರಗಳಿಗೂ ಬೇಕಾದ ವಿಟಮಿನ್ ಇದು. ಸಸ್ಯಾಹಾರಿಗಳಿಗೆ ಬಿ12 ಸಿಗುವುದು ಹೆಚ್ಚಾಗಿ ಹಾಲು, ಮೊಸರಿನಿಂದ. ದಿನಕ್ಕೆ ಬೇಕಾದದ್ದು 2.2 ಮೈಕ್ರೋಗ್ರಾಂ. 200 ಮಿಲಿ ಹಾಲಿನಲ್ಲಿ ಇರುವುದು ಸುಮಾರು 1. ಊಟದ ಕೊನೆಗೆ ನಾವು ಕುಡಿಯುವ ನೀರುಮಜ್ಜಿಗೆಯಲ್ಲಿ ಇನ್ನೂ ಕಡಿಮೆ. ಒಂದೆಲಗದ ತಂಬುಳಿ, ನುಗ್ಗೆಸೊಪ್ಪಿನ ಪಲ್ಯ ಎಲ್ಲ ಒಳ್ಳೆಯದೇ. ಆದರೆ ಸೊಪ್ಪಿನಲ್ಲಿ ಬಿ12 ಇಲ್ಲ. ಬಂಗುಡೆ, ಭೂತಾಯಿ ತಿನ್ನುವ ಮನೆಗಳಿಗೆ ಈ ಚಿಂತೆ ಅಷ್ಟಿಲ್ಲ.

ಪಾದ ಜುಮ್ಮೆನ್ನುವುದು ಬಿ12 ಕೊರತೆಯಿಂದಲೂ ಇರಬಹುದು, ಶುಗರಿನಿಂದಲೂ ಇರಬಹುದು. ಹೊರಗಿನಿಂದ ನೋಡಿ ಹೇಳಲಾಗದು. ಹಾಗಾಗಿ ಬಾಟ್ಲಿಯ ಮುಚ್ಚಳ ತೆಗೆಯುವ ಮೊದಲು ರಕ್ತದಲ್ಲಿ ಬಿ12 ಎಷ್ಟಿದೆ ಎಂದು ನೋಡಿಸಿ. ಮೊದಲೇ ಯಾಕೆ ಅಂದರೆ, ಮಲ್ಟಿವಿಟಮಿನ್‌ನಲ್ಲಿ ಸಾಮಾನ್ಯವಾಗಿ ಫೋಲಿಕ್ ಆಸಿಡ್ ಎಂಬ ಇನ್ನೊಂದು ಬಿ ವಿಟಮಿನ್ ಇರುತ್ತದೆ. ಬಿ12 ಕೊರತೆ ಇದ್ದವರಿಗೆ ಅದು ಜಾಸ್ತಿ ಹೋದರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ. ಕೊರತೆ ಇದ್ದರೆ ಡಾಕ್ಟರು ಬಿ12 ಅನ್ನೇ ಬೇರೆಯಾಗಿ ಕೊಡುತ್ತಾರೆ, ಮಾತ್ರೆಯೋ ಇಂಜೆಕ್ಷನ್ನೋ. ಮಲ್ಟಿವಿಟಮಿನ್‌ನಲ್ಲಿರುವ ಚೂರುಪಾರು ಆಗ ಸಾಲುವುದಿಲ್ಲ.

ಇನ್ನು ಕ್ಯಾಲ್ಸಿಯಂ. ಬೆಳಗ್ಗೆ ಥೈರಾಯ್ಡಿನ ಮಾತ್ರೆಯ ಜೊತೆಗೇ ಅದನ್ನೂ ನುಂಗಿದರೆ ಥೈರಾಯ್ಡಿನ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಕಬ್ಬಿಣದ ಮಾತ್ರೆಗೂ ಇದೇ ಲೆಕ್ಕ. ಬಾಟ್ಲಿಯ ಮೇಲೆ ಬಯೋಟಿನ್ (ಇದೂ ಒಂದು ಬಿ ವಿಟಮಿನ್) ಅಂತ ಇದ್ದರೆ ಥೈರಾಯ್ಡ್ ಟೆಸ್ಟಿಗೆ ಹೋದಾಗ ಮರೆಯದೆ ಹೇಳಿ. ಅದು ಜಾಸ್ತಿ ಇದ್ದರೆ ರಿಪೋರ್ಟು ತಪ್ಪು ಬರುತ್ತದೆ.

"ವಿಟಮಿನ್ ಅಲ್ವಾ, ಜಾಸ್ತಿಯಾದರೆ ಏನಾಗುತ್ತದೆ" ಎಂದು ಕೇಳಿದ್ದೀರಿ. ನನ್ನ ಸೋದರಮಾವನಿಗೆ ವಾರಕ್ಕೊಂದು ಎಂದು ವಿಟಮಿನ್ ಡಿ ಪುಡಿಯ ಪೊಟ್ಟಣ ಬರೆದುಕೊಟ್ಟಿದ್ದರು, 60,000 ಯೂನಿಟಿನದ್ದು. ಅವರು ದಿನಕ್ಕೊಂದು ಅಂದುಕೊಂಡರು. ದಿನಾ ರಾತ್ರಿ ಹಾಲಿಗೆ ಹಾಕಿ ಕಲಸಿ ಕುಡಿದರು. ಕೆಲವು ವಾರ ಕಳೆಯುವಾಗ ಊಟ ಸೇರದಾಯಿತು, ವಾಂತಿ, ವಿಪರೀತ ಬಾಯಾರಿಕೆ. ಒಂದು ಸಂಜೆ ಜಗಲಿಯಲ್ಲಿ ಕುಳಿತು ನನ್ನನ್ನೇ "ಯಾರು ನೀವು?" ಎಂದು ಕೇಳಿದರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಡಿ ಮೈಯ ಕೊಬ್ಬಿನಲ್ಲಿ ಕೂರುತ್ತದೆ, ನಿಲ್ಲಿಸಿದ ಕೂಡಲೇ ಇಳಿಯುವುದಿಲ್ಲ. ಸರಿಹೋಗಲು ತಿಂಗಳುಗಳೇ ಹಿಡಿದವು. ಎ, ಡಿ, ಇ, ಕೆ ನಾಲ್ಕೂ ಕೊಬ್ಬಿನಲ್ಲಿ ಕರಗುವಂಥವು. ಇವನ್ನು ಸುಮ್ನೆ ನುಂಗಬಾರದು.

ಯಜಮಾನರ ವಿಷಯ. ಅಂಗಳದಲ್ಲಿ ಅಡಿಕೆ ಹರವಿ, ನಡುಹಗಲಿನ ಬಿಸಿಲಲ್ಲಿ ಮಗುಚುವವರಿಗೆ ಡಿ ಚೆನ್ನಾಗಿಯೇ ಸಿಗುತ್ತದೆ. (ಎಳೆ ಬಿಸಿಲಿನಿಂದ ಡಿ ಸಿಗುತ್ತದೆ ಎಂಬ ಮಾತಿದೆ. ನಿಜವಾಗಿ ಸಿಗುವುದು ಬಿಸಿಲು ಮೇಲೇರಿದಾಗ, ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವಾಗ.) ಆರೋಗ್ಯವಾಗಿರುವವರು ದಿನಾ ಮಲ್ಟಿವಿಟಮಿನ್ ನುಂಗಿದರೆ ಹೃದಯದ ಕಾಯಿಲೆಯೋ ಕ್ಯಾನ್ಸರೋ ತಪ್ಪುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ಅಮೆರಿಕದ ತಜ್ಞರ ಸಮಿತಿಯೊಂದು 2022ರಲ್ಲಿ ಹೇಳಿದೆ. ಯಜಮಾನರ ಬೀಡಿ ಬೇರೆ ಇದೆಯಲ್ಲ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ಅಧ್ಯಯನ ನಡೆದಿತ್ತು. ದಿನಾ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ (ಮೈಯೊಳಗೆ ವಿಟಮಿನ್ ಎ ಆಗುವ ವಸ್ತು, ಕೆಲವು ಮಲ್ಟಿವಿಟಮಿನ್‌ಗಳಲ್ಲಿ ಇರುತ್ತದೆ) ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡ 18 ಹೆಚ್ಚಾಯಿತು. 1994ರಲ್ಲಿ ಪ್ರಕಟವಾದ ಸಂಗತಿ ಇದು. ನಿಮ್ಮ ಬಾಟ್ಲಿಯಲ್ಲಿ ಅಷ್ಟು ಇರಲಿಕ್ಕಿಲ್ಲ. ಆದರೂ ಅವರಿಗೆ ಅದನ್ನು ಕೊಡಬೇಡಿ. ಬೀಡಿ ಬಿಡಿಸಲು ನೋಡಿ. ಆದರೆ ಮನೆಯ ಊಟ ಒಂದೇ ಆದ್ದರಿಂದ ಅವರ ಬಿ12 ಕೂಡ ಒಮ್ಮೆ ನೋಡಿಸಿ.

ಮಗ ಪ್ರೀತಿಯಿಂದ ತಂದದ್ದು, ಎಸೆಯಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಎರಡೂ ಬಾಟ್ಲಿಗಳನ್ನು, ನಿಮ್ಮ ಮಾತ್ರೆಗಳ ಚೀಟಿಯನ್ನು ಚೀಲಕ್ಕೆ ಹಾಕಿಕೊಳ್ಳಿ. ಮೊದಲು ಪಾದದ ಸಂಗತಿ ಹೇಳಿ, ಆಮೇಲೆ ಬಾಟ್ಲಿ ತೋರಿಸಿ. ಮುಂದಿನ ತಿಂಗಳವರೆಗೆ ಕಾಯಬೇಡಿ, ಈ ವಾರವೇ ಹೋಗಿ. ರಿಪೋರ್ಟು ಬಂದ ಮೇಲೆ ನನಗೂ ನಾಲ್ಕು ಸಾಲು ಬರೆಯಿರಿ.

— ಸಂಪಾದಕ