ಕರುಣೆಯ ಮೂಲ ತಿಳಿದರೆ ಕರುಣೆಯ ಬೆಲೆ ಕುಗ್ಗುವುದೇ?

ಪ್ರಶ್ನೆ: ಮನುಷ್ಯನ ದೇಹ ಜೀವವಿಕಾಸದಿಂದ ರೂಪುಗೊಂಡಿತೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬಲವಿದ್ದವನಷ್ಟೇ ಉಳಿಯುತ್ತಾನೆ ಎಂಬ ನಿಯಮದಿಂದ ಕರುಣೆ, ತ್ಯಾಗ, ಪಶ್ಚಾತ್ತಾಪಗಳು ಹುಟ್ಟುವುದು ಹೇಗೆ ಸಾಧ್ಯ? ಗುರುತು ಪರಿಚಯವಿಲ್ಲದವನನ್ನು ಉಳಿಸಲು ನೀರಿಗೆ ಧುಮುಕುವವನ ವಂಶಕ್ಕೆ ಅದರಿಂದ ಸಿಗುವ ಲಾಭವೇನು? ನೀತಿಪ್ರಜ್ಞೆಯೂ ವಿಕಾಸದಿಂದಲೇ ಬಂದದ್ದಾದರೆ ಒಳ್ಳೆಯದು, ಕೆಟ್ಟದ್ದು ಎಂಬ ಭೇದವೇ ಭ್ರಮೆ ಎನ್ನಬೇಕಾಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ನೀತಿಪ್ರಜ್ಞೆ ಹೇಗೆ ಹುಟ್ಟಿತು ಎಂಬುದು ಒಂದು, ಅದು ಹೇಳುವುದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಜೀವವಿಜ್ಞಾನ ಬಹುಮಟ್ಟಿಗೆ ಉತ್ತರ ಕೊಡಬಲ್ಲದು. ಎರಡನೆಯದಕ್ಕೆ ಅದೊಂದರಿಂದಲೇ ಉತ್ತರ ಸಿಗದು ಎಂಬುದು ನನ್ನ ನಿಲುವು.

ಬಲವಿದ್ದವನಷ್ಟೇ ಉಳಿಯುತ್ತಾನೆ ಎಂಬುದು ಡಾರ್ವಿನ್ ಸಿದ್ಧಾಂತದ ಸರಿಯಾದ ಸಾರಾಂಶವಲ್ಲ. ತಾನಿರುವ ಪರಿಸರದಲ್ಲಿ ಹೆಚ್ಚು ಸಂತತಿಯನ್ನು ಬಿಟ್ಟುಹೋಗಲು ನೆರವಾಗುವ ಯಾವ ಗುಣವಾದರೂ ಪೀಳಿಗೆಯಿಂದ ಪೀಳಿಗೆಗೆ ಹರಡುತ್ತದೆ (ಇದೇ ನೈಸರ್ಗಿಕ ಆಯ್ಕೆ), ಮತ್ತು ಗುಂಪಿನಲ್ಲಿ ಬಾಳುವ ಪ್ರಾಣಿಗಳಿಗೆ ಸಹಕಾರವೇ ಅಂಥ ಗುಣವಾಗಬಹುದು. ಒಡಹುಟ್ಟಿದವರಿಗಾಗಿ ಕಷ್ಟಪಡುವ ಪ್ರವೃತ್ತಿ, ನೆರವು ಪಡೆದವರು ರಕ್ತಸಂಬಂಧದಲ್ಲಿ ಎಷ್ಟು ಹತ್ತಿರದವರು ಎಂಬುದಕ್ಕೆ ಅನುಗುಣವಾಗಿ ಹೇಗೆ ಹರಡಬಲ್ಲದೆಂಬುದನ್ನು ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ಗಣಿತದ ಮೂಲಕ ತೋರಿಸಿದರು. ಸಂಬಂಧವಿಲ್ಲದವರ ನಡುವಿನ ಪರಸ್ಪರ ಉಪಕಾರವನ್ನು ಇನ್ನೊಬ್ಬ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1971ರಲ್ಲಿ ವಿವರಿಸಿದರು. ರಕ್ತ ಹೀರುವ ಬಾವಲಿಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಈ ಬಾವಲಿ ಸಾಯುತ್ತದೆ; ಹೊಟ್ಟೆ ತುಂಬಿಸಿಕೊಂಡು ಬಂದ ಬಾವಲಿಯೊಂದು ತಾನು ಕುಡಿದ ರಕ್ತದಲ್ಲಿ ಸ್ವಲ್ಪವನ್ನು ಕಕ್ಕಿ, ಹಸಿದು ಕುಳಿತ ಜೊತೆಗಾತಿಗೆ ಕೊಡುತ್ತದೆ. ಕೋಸ್ಟಾ ರಿಕಾದಲ್ಲಿ ಇವುಗಳನ್ನು ಅಧ್ಯಯನ ಮಾಡಿ ಜೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ಪ್ರಕಟಿಸಿದ ವಿವರಗಳ ಪ್ರಕಾರ, ಈ ಹಂಚಿಕೆ ನೆಂಟಸ್ತಿಕೆಯಿಲ್ಲದ, ಆದರೆ ಬಹುಕಾಲ ಒಂದೇ ಬೀಡಿನಲ್ಲಿ ಬಾಳಿದ ಬಾವಲಿಗಳ ನಡುವೆಯೂ ನಡೆಯುತ್ತದೆ.

ಇನ್ನು ನೀರಿಗೆ ಧುಮುಕಿದವನ ವಿಷಯ. ಅವನು ವಂಶದ ಲಾಭವನ್ನು ಲೆಕ್ಕ ಹಾಕಿ ಧುಮುಕಲಿಲ್ಲ, ಮುಳುಗುತ್ತಿರುವವನ ಕೂಗು ಕೇಳಿ ತಡೆದುಕೊಳ್ಳಲಾಗದೆ ಧುಮುಕಿದ. ಒಂದು ಗುಣ ಪೀಳಿಗೆಗಳ ಹಿಂದೆ ಏಕೆ ಉಳಿದುಬಂತು ಎಂಬ ಕಾರಣ ಬೇರೆ, ಈ ಕ್ಷಣದಲ್ಲಿ ಒಬ್ಬನನ್ನು ನಡೆಸುವ ಕಾರಣ ಬೇರೆ ಎಂಬ ಭೇದವನ್ನು ಜೀವವಿಜ್ಞಾನಿ ಎರ್ನ್ಸ್ಟ್ ಮೇಯರ್ 1961ರಲ್ಲೇ ಸ್ಪಷ್ಟಪಡಿಸಿದ್ದರು. ಪರರ ನೋವಿಗೆ ಮಿಡಿಯುವ ಮನಸ್ಸು, ಪರಸ್ಪರ ಬಲ್ಲವರೇ ತುಂಬಿದ್ದ ಚಿಕ್ಕ ಗುಂಪುಗಳಲ್ಲಿ ರೂಪುಗೊಂಡಿದ್ದರೂ, ಒಮ್ಮೆ ರೂಪುಗೊಂಡ ಮೇಲೆ ಅದು ಅಪರಿಚಿತನ ಕೂಗಿಗೂ ಮಿಡಿಯುತ್ತದೆ. ಎಲ್ಲರ ಕರುಣೆಯೂ ಒಳಗೊಳಗೆ ವಂಶವಾಹಿಗಳ ಸ್ವಾರ್ಥವೇ ಎಂದು ಕೆಲವರು ಹೇಳುವುದುಂಟು. ಅವರು ಈ ಎರಡು ಕಾರಣಗಳನ್ನು ಒಂದಾಗಿಸಿ, ಒಬ್ಬ ವ್ಯಕ್ತಿಯ ನಿಜವಾದ ಕರುಣೆಯನ್ನು ಅನ್ಯಾಯವಾಗಿ ಕಪಟವೆಂದು ಕರೆಯುತ್ತಾರೆ.

ಆದರೆ ವಿಕಾಸ ನಮಗೆ ಕೊಟ್ಟದ್ದು ಕರುಣೆಯೊಂದನ್ನೇ ಅಲ್ಲ. ಹೊರಗಿನವರ ಮೇಲಿನ ಅನುಮಾನ, ಸೇಡಿನ ದಾಹ, ಮತ್ಸರ ಇವೂ ಬಹುಶಃ ಅಲ್ಲಿಂದಲೇ ಬಂದವು. ಸಿಂಹಗಳ ಗುಂಪನ್ನು ಹೊಸದಾಗಿ ವಶಪಡಿಸಿಕೊಂಡ ಗಂಡು, ಹಿಂದಿನ ಗಂಡಿನ ಮರಿಗಳನ್ನು ಕೊಲ್ಲುವುದುಂಟು. ಹೆಣ್ಣುಗಳು ಬೇಗ ಮತ್ತೆ ಗರ್ಭ ಧರಿಸುವುದರಿಂದ ಅದರ ಸಂತತಿಗೆ ಇದು ಲಾಭದಾಯಕವೇ. ಇಂಥದ್ದನ್ನು ನಿಸರ್ಗಸಹಜವೆಂಬ ಒಂದೇ ಕಾರಣಕ್ಕೆ ಯಾರೂ ಸರಿಯೆನ್ನಲಾರರು. ಡಾರ್ವಿನ್ನರೇ 1871ರಲ್ಲಿ ಮನುಷ್ಯನ ಹುಟ್ಟನ್ನು ಕುರಿತು ಬರೆದ ಗ್ರಂಥದಲ್ಲಿ ದಿಗಿಲು ಹುಟ್ಟಿಸುವ ಒಂದು ಊಹೆಯನ್ನು ಮುಂದಿಡುತ್ತಾರೆ: ಮನುಷ್ಯರು ಜೇನುಹುಳುಗಳ ಸ್ಥಿತಿಯಲ್ಲೇ ಬೆಳೆದುಬಂದಿದ್ದರೆ, ಅವಿವಾಹಿತ ಹೆಣ್ಣುಗಳು ಕೆಲಸಗಾರ ಜೇನುಗಳಂತೆ ತಮ್ಮ ಸೋದರರನ್ನು ಕೊಲ್ಲುವುದನ್ನು ಪವಿತ್ರ ಕರ್ತವ್ಯವೆಂದೇ ಭಾವಿಸುತ್ತಿದ್ದರು. ಕರ್ತವ್ಯದ ತೀವ್ರ ಭಾವನೆ ಇದೆ ಎಂದ ಮಾತ್ರಕ್ಕೆ ಆ ಕರ್ತವ್ಯ ಸರಿಯಾಗಿರಬೇಕಿಲ್ಲ ಎಂಬುದನ್ನು ಇದಕ್ಕಿಂತ ನಿಷ್ಠುರವಾಗಿ ಹೇಳುವುದು ಕಷ್ಟ. ಡಾರ್ವಿನ್ನರ ಪರವಾಗಿ ಜೀವನವಿಡೀ ವಾದಿಸಿದ ಥಾಮಸ್ ಹಕ್ಸ್‌ಲಿ 1893ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಭಾಷಣದಲ್ಲಿ, ಸಮಾಜದ ನೈತಿಕ ಪ್ರಗತಿ ನಿಸರ್ಗದ ಹೋರಾಟವನ್ನು ಅನುಕರಿಸುವುದರಿಂದಲ್ಲ, ಅದನ್ನು ಎದುರಿಸುವುದರಿಂದ ಆಗುತ್ತದೆ ಎಂದರು.

ಹಾಗಾದರೆ ಎಲ್ಲವೂ ಭ್ರಮೆಯೇ? ಎಣಿಸುವ ಸಾಮರ್ಥ್ಯವೂ ವಿಕಾಸದಿಂದ ಬಂದದ್ದೇ. ಅದರಿಂದ 7 ಅವಿಭಾಜ್ಯ ಸಂಖ್ಯೆ ಎಂಬುದು ಭ್ರಮೆಯಾಗಿಬಿಡುವುದಿಲ್ಲ. ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಮರೆಮಾಚಬಾರದು. ತನ್ನತ್ತ ಬರುತ್ತಿರುವ ಹುಲಿಗಳು ಎರಡೋ ಮೂರೋ ಎಂದು ಸರಿಯಾಗಿ ಎಣಿಸಿದವನು ಉಳಿಯುತ್ತಾನೆ, ಆದ್ದರಿಂದ ಅಲ್ಲಿ ಸತ್ಯಕ್ಕೂ ಉಳಿವಿಗೂ ನಂಟಿದೆ. ನೀತಿಯ ವಿಷಯದಲ್ಲಿ ಅಂಥ ನಂಟು ಕಾಣುವುದಿಲ್ಲ. ಅಮೆರಿಕದ ತತ್ತ್ವಶಾಸ್ತ್ರಜ್ಞೆ ಶ್ಯಾರನ್ ಸ್ಟ್ರೀಟ್ 2006ರಲ್ಲಿ ಈ ಬಗೆಯ ವಾದವನ್ನು ಹರಿತವಾಗಿ ಮಂಡಿಸಿದ ಮೇಲೆ, ನಮ್ಮ ಮನಸ್ಸಿಗೆ ಹೊರತಾದ ನೈತಿಕ ಸತ್ಯಗಳಿವೆ ಎನ್ನುವವರು ಇದಕ್ಕೆ ಉತ್ತರಿಸಲೇಬೇಕಾಯಿತು. ನನಗೆ ತೋರುವುದಿಷ್ಟು: ಹುಟ್ಟಿನಿಂದ ಬಂದ ಒಲವುಗಳನ್ನು ಹಾಗೆಯೇ ನಂಬುವಂತಿಲ್ಲ ಎಂಬಷ್ಟರ ಮಟ್ಟಿಗೆ ಈ ವಾದ ಗೆಲ್ಲುತ್ತದೆ, ಆದರೆ ಅವುಗಳನ್ನು ಪರೀಕ್ಷಿಸುವ ವಿಚಾರಶಕ್ತಿಯೂ ನಮಗಿದೆ. ಗುಲಾಮಗಿರಿಯನ್ನು ಸಹಸ್ರಾರು ವರ್ಷ ಸಹಜವೆಂದು ನಂಬಿದ ಮನುಷ್ಯರೇ, ಗುಲಾಮನ ನೋವು ಒಡೆಯನ ನೋವಿಗಿಂತ ಏಕೆ ಕಡಿಮೆ ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಸಿಗದೆ ಅದನ್ನು ಕಾನೂನುಬಾಹಿರಗೊಳಿಸಿದರು. ಅಲ್ಲಿ ಕೆಲಸ ಮಾಡಿದ್ದು ಹುಟ್ಟಿನಿಂದ ಬಂದ ಕರುಣೆಯಷ್ಟೇ ಅಲ್ಲ, ಕಾರಣ ಕೇಳುವ ಹಟವೂ ಹೌದು.

ಪ್ರಶ್ನೆ: ಪ್ರೀತಿ, ದುಃಖಗಳು ಮಿದುಳಿನ ರಾಸಾಯನಿಕ ಕ್ರಿಯೆಗಳಷ್ಟೇ ಎಂದು ಓದಿದೆ. ಸತ್ತವರಿಗಾಗಿ ಅಳುವುದರಿಂದ ಯಾವ ಜೀವಿಗೂ ಲಾಭವಿಲ್ಲ. ವಿಕಾಸ ಇದನ್ನು ಹೇಗೆ ವಿವರಿಸುತ್ತದೆ?

ಉತ್ತರ: ಶೋಕದಿಂದ ನೇರವಾದ ಲಾಭ ಇಲ್ಲದಿರಬಹುದು. ಲಾಭವಿರುವುದು ಅಂಟಿಕೊಂಡಿರುವ ಗುಣದಲ್ಲಿ. ತಾಯಿಯಿಂದ ಅಗಲಿದ ಮಗು ಅತ್ತು ಕರೆಯುತ್ತದೆ, ಹುಡುಕುತ್ತದೆ. ಆ ಸಂಕಟವೇ ಇಬ್ಬರನ್ನೂ ಮತ್ತೆ ಒಂದುಗೂಡಿಸುತ್ತದೆ. ಮರಳಿ ಬರಲಾರದವರ ವಿಷಯದಲ್ಲೂ ಅದೇ ಸಂಕಟ ಏಳುತ್ತದೆ ಎಂಬ ದಿಕ್ಕಿನಲ್ಲಿ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಶೋಕವನ್ನು ಅರ್ಥೈಸಿದರು. ಆಕ್ಸಿಟೋಸಿನ್‌ನಂಥ ರಾಸಾಯನಿಕಗಳು ಈ ಬಾಂಧವ್ಯದಲ್ಲಿ ಪಾಲು ಪಡೆಯುತ್ತವೆ ಎಂಬುದೂ ನಿಜ.

ಭಾವನೆಗಳ ಪ್ರಕಟಣೆಯನ್ನು ಕುರಿತ 1872ರ ಗ್ರಂಥದಲ್ಲಿ ಡಾರ್ವಿನ್ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ರೈಲಿನಲ್ಲಿ ತಮ್ಮೆದುರು ಕುಳಿತಿದ್ದ ವೃದ್ಧೆಯೊಬ್ಬರ ಮುಖ ಶಾಂತವಾಗಿತ್ತು, ಆದರೆ ತುಟಿಯ ಕೊನೆಗಳು ಮಾತ್ರ ತೀರ ಸ್ವಲ್ಪ ಕೆಳಗಿಳಿದಿದ್ದವು. ಈ ಸ್ನಾಯುಗಳಿಗೆ ಅರ್ಥವೇನೂ ಇರಲಾರದು ಎಂದು ಅವರು ಯೋಚಿಸುತ್ತಿರುವಾಗಲೇ ಆಕೆಯ ಕಣ್ಣುಗಳು ತುಂಬಿಬಂದು, ಮುಖವಿಡೀ ಬಾಡಿತು. ಎಂದೋ ಕಳೆದುಕೊಂಡ ಮಗುವಿನ ನೆನಪಿರಬಹುದೆಂದು ಡಾರ್ವಿನ್ ಊಹಿಸಿದರು. ಶಿಶು ಗಟ್ಟಿಯಾಗಿ ಅಳುವಾಗ ಬಿಗಿಯುವ ಸ್ನಾಯುಗಳು, ಅಳುವನ್ನು ಅದುಮಿಟ್ಟ ದೊಡ್ಡವರಲ್ಲೂ ಅಭ್ಯಾಸಬಲದಿಂದ ಕೊಂಚ ಮಿಸುಕುತ್ತವೆ ಎಂಬುದು ಅವರ ವಿವರಣೆ. ಅದನ್ನು ಬರೆದವರು 1851ರಲ್ಲಿ ತಮ್ಮ 10 ವರ್ಷದ ಮಗಳು ಆನ್ನಿಯನ್ನು ಕಳೆದುಕೊಂಡ ತಂದೆ. ಸ್ನಾಯುವಿನ ಚರಿತ್ರೆ ಗೊತ್ತಿದ್ದರೂ ಅವರು ಆ ಮುಖದಲ್ಲಿ ಮೊದಲು ಹುಡುಕಿದ್ದು ಒಂದು ಮಗುವನ್ನು. ದುಃಖವೆಂಬುದು ಯಾರಿಗಾಗಿಯೋ ಪಡುವ ದುಃಖ. ಆ ಒಬ್ಬರನ್ನು ಬಿಟ್ಟು ರಾಸಾಯನಿಕವನ್ನಷ್ಟೇ ಹೇಳಿದರೆ, ಹೇಳಿದ್ದು ಸುಳ್ಳಲ್ಲವಾದರೂ ಮುಖ್ಯವಾದದ್ದು ಹೇಳದೆ ಉಳಿಯುತ್ತದೆ.

ಪ್ರಶ್ನೆ: ವಿಕಾಸಕ್ಕೆ ಗುರಿಯೇ ಇಲ್ಲವೆಂದ ಮೇಲೆ ನಮ್ಮ ಬದುಕಿಗೆ ಅರ್ಥವೆಲ್ಲಿಂದ ಬರಬೇಕು?

ಉತ್ತರ: ನೈಸರ್ಗಿಕ ಆಯ್ಕೆ ಮುಂದಾಲೋಚಿಸುವುದಿಲ್ಲ ಎಂಬುದು ಸರಿ. ಆದರೆ ಗುರಿಯಿಲ್ಲದ ಪ್ರಕ್ರಿಯೆಯಿಂದ ಗುರಿಯಿಟ್ಟು ನಡೆಯುವ ಜೀವಿಗಳು ಹುಟ್ಟಿದ್ದಾರೆ, ನೀವೇ ಅದಕ್ಕೆ ಸಾಕ್ಷಿ. ಒಂದು ವೇಳೆ ಸಂತಾನವೇ ವಿಕಾಸದ ಉದ್ದೇಶವೆಂದು ಒಪ್ಪಿದರೂ ಅದು ನಮ್ಮ ಉದ್ದೇಶವಾಗಬೇಕಾದ ಕಟ್ಟುಪಾಡೇನಿಲ್ಲ. ಮಕ್ಕಳಿಲ್ಲದೆ ರೋಗಿಗಳ ಆರೈಕೆಯಲ್ಲಿ ಬಾಳು ಸವೆಸಿದವರ ಬದುಕನ್ನು ನಿರರ್ಥಕ ಎನ್ನಲು ಜೀವವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಇದಕ್ಕೂ ಮೀರಿದ ಅರ್ಥವೊಂದು ವಿಶ್ವಕ್ಕಿದೆಯೇ ಎಂಬುದು ಪಳೆಯುಳಿಕೆಗಳಿಂದಲೋ ವಂಶವಾಹಿಗಳಿಂದಲೋ ತೀರ್ಮಾನವಾಗುವ ಪ್ರಶ್ನೆಯಲ್ಲ. ವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದೂ ಅರ್ಥವಾಗದೆಂದು 1973ರಲ್ಲಿ ಬರೆದ ಜೀವವಿಜ್ಞಾನಿ ಥಿಯೋಡೋಷಿಯಸ್ ಡಾಬ್‌ಜಾನ್‌ಸ್ಕಿ ದೇವರನ್ನು ನಂಬುತ್ತಿದ್ದರು. ಅದೇ ಸಿದ್ಧಾಂತವನ್ನು ಒಪ್ಪುವ ಅನೇಕರು ನಂಬುವುದಿಲ್ಲ. ಇಬ್ಬರ ಮುಂದಿರುವ ಜೀವವಿಜ್ಞಾನವೂ ಒಂದೇ.